ತೊಂಬತ್ತು ಡಿಗ್ರಿಯ ರಿಂಗ್

ನನ್ನ ಮೇಜಿನ ಮೇಲೆ, ಪೆನ್ನಿನ ಡಬ್ಬಿಯ ಪಕ್ಕದಲ್ಲಿ ಒಂದು ತಂತಿಯ ಚೌಕ ಇದೆ. ಎರಡು ಮಿಲಿಮೀಟರ್ ದಪ್ಪದ ತಂತಿ, ಎಂಟು ಸೆಂಟಿಮೀಟರ್ ಬದಿ. ಒಂದು ಮೂಲೆ ಬಾಯಿ ಬಿಟ್ಟಿದೆ. ಮೊನ್ನೆ ಮೇಜು ಒರೆಸುವಾಗ ಯಾರೋ ಅದನ್ನು ಕಸದ ಬುಟ್ಟಿಗೆ ಹಾಕಿದ್ದರು. ತೆಗೆದು ಮತ್ತೆ ಅಲ್ಲೇ ಇಟ್ಟೆ. ಅದು ಒಂದು ಕಾಲಮ್ಮಿನ, ಅಂದರೆ ಕಾಂಕ್ರೀಟ್ ಕಂಬದ, ರಿಂಗ್. ಬಗ್ಗಿಸಿದ್ದು ನಾನೇ. ತಪ್ಪಾಗಿ ಬಗ್ಗಿಸಿದ್ದೂ ನಾನೇ.

ನಾನು ಕೆಲಸ ಮಾಡುವುದು ಕಟ್ಟಡಗಳನ್ನು ಅಲುಗಾಡಿಸಿ ನೋಡುವ ಲ್ಯಾಬಿನಲ್ಲಿ. ನೆಲದ ಮಟ್ಟಕ್ಕೆ ಒಂದು ದಪ್ಪ ಉಕ್ಕಿನ ಹಲಗೆ, ಅದನ್ನು ತಳ್ಳಿ ಎಳೆಯಲು ಹೈಡ್ರಾಲಿಕ್ ಜ್ಯಾಕ್‌ಗಳು. ಇದಕ್ಕೆ ಶೇಕ್ ಟೇಬಲ್ ಅಂತ ಹೆಸರು. ಹಲಗೆಯ ಮೇಲೆ ಕಟ್ಟಡವೊಂದನ್ನು ಕಟ್ಟಿ, ಎಲ್ಲೋ ಎಂದೋ ಆದ ಭೂಕಂಪದ ದಾಖಲೆಯನ್ನು ಕಂಪ್ಯೂಟರಿಗೆ ಕೊಟ್ಟರೆ, ಆ ದಿನ ಆ ಜಾಗದಲ್ಲಿ ನೆಲ ಹೇಗೆ ಕುಣಿಯಿತೋ ಟೇಬಲ್ ಹಾಗೇ ಕುಣಿಯುತ್ತದೆ. ಐದು ತಿಂಗಳು ಕಟ್ಟುತ್ತೇವೆ, ಹದಿನೈದು ಸೆಕೆಂಡಿನಲ್ಲಿ ಹಾಳು ಮಾಡುತ್ತೇವೆ. ಆಮೇಲೆ ಒಂದು ವರ್ಷ ಕೂತು ಯಾಕೆ ಹಾಳಾಯಿತು ಅಂತ ಬರೆಯುತ್ತೇವೆ.

ಈ ರಿಂಗ್ ಬಂದದ್ದು ನಾನು ವಿದ್ಯಾರ್ಥಿಯಾಗಿದ್ದಾಗ ಕಟ್ಟಿದ ಮೊದಲ ಮಾದರಿಯಿಂದ. ಮೂರು ಅಂತಸ್ತು, ನಾಲ್ಕು ಕಾಲಮ್. ಮೇಲಿನ ಎರಡು ಅಂತಸ್ತಿಗೆ ಇಟ್ಟಿಗೆ ಗೋಡೆ, ಕೆಳಗಡೆ ಗಾಡಿ ನಿಲ್ಲಿಸಲು ಬಿಡುತ್ತಾರಲ್ಲ, ಹಾಗೆ ಖಾಲಿ. ನಿಜವಾದ ಕಟ್ಟಡದ ನಾಲ್ಕನೇ ಒಂದು ಅಳತೆ. 40 ಸೆಂಟಿಮೀಟರಿನ ಕಾಲಮ್ ಇಲ್ಲಿ 10 ಸೆಂಟಿಮೀಟರ್. 16 ಮಿಲಿಮೀಟರ್ ಸರಳಿನ ಬದಲು 4 ಮಿಲಿಮೀಟರ್ ತಂತಿ. ಇಟ್ಟಿಗೆಯನ್ನೂ ಸಣ್ಣದಾಗಿ ಕೊಯ್ಯಬೇಕಿತ್ತು. ಮೂರು ವಾರ ಗರಗಸದ ಮುಂದೆ ಕೂತು ಇಟ್ಟಿಗೆ ಕೊಯ್ದೆ. ಮೂಗಿನಿಂದ ಕೆಂಪು ಧೂಳು ಹೋಗಲು ಇನ್ನೊಂದು ವಾರ ಬೇಕಾಯಿತು.

ಸಣ್ಣ ಮಾದರಿ ಅಂದರೆ ಎಲ್ಲವನ್ನೂ ನಾಲ್ಕರಿಂದ ಭಾಗಿಸಿದರೆ ಆಯಿತು ಅಂದುಕೊಂಡಿದ್ದೆ. ಹಾಗಲ್ಲ. ಉದ್ದ ನಾಲ್ಕರಲ್ಲಿ ಒಂದಾದರೆ ಗಾತ್ರ, ಅದರ ಜೊತೆಗೆ ತೂಕ, 64ರಲ್ಲಿ ಒಂದಾಗುತ್ತದೆ. ಆದರೆ ಕಾಲಮ್ಮಿನ ಅಡ್ಡಕೊಯ್ತದ ವಿಸ್ತೀರ್ಣ 16ರಲ್ಲಿ ಒಂದೇ ಆಗುವುದು. ಹಾಗಾಗಿ ಹೊರೆ ಸಾಲುವುದಿಲ್ಲ. ನಿಜವಾದ ಕಟ್ಟಡದಲ್ಲಿರುವ ಒತ್ತಡವೇ ಮಾದರಿಯಲ್ಲೂ ಬರಬೇಕಾದರೆ ಅದರ ಸ್ವಂತ ತೂಕದ ಮೂರು ಪಟ್ಟು ಭಾರ ಮೇಲೆ ಹೇರಬೇಕು. ನಮ್ಮ ಮಾದರಿ ಹತ್ತಿರ ಹತ್ತಿರ ಒಂದು ಟನ್. ಮೂರು ಟನ್ ಉಕ್ಕಿನ ಬಿಲ್ಲೆಗಳನ್ನು ಮೂರು ಮಹಡಿಗೂ ಹಂಚಿ ಬೋಲ್ಟ್ ಹಾಕಿದೆವು. ಒಂದು ಬೋಲ್ಟ್ ಸಡಿಲ ಇದ್ದರೂ ಬಿಲ್ಲೆ ಗಲಗಲ ಅನ್ನುತ್ತದೆ, ಆ ಗಲಗಲವೂ ದಾಖಲೆಗೆ ಹೋಗುತ್ತದೆ. ಕಾಲವನ್ನೂ ಕುಗ್ಗಿಸಬೇಕು. ನಾಲ್ಕರ ವರ್ಗಮೂಲ ಎರಡು, ಹಾಗಾಗಿ 30 ಸೆಕೆಂಡಿನ ಭೂಕಂಪವನ್ನು 15 ಸೆಕೆಂಡಿಗೆ ಓಡಿಸಬೇಕು. ಪುಟ್ಟ ಕಟ್ಟಡ, ಪುಟ್ಟ ಭೂಕಂಪ. ಅವಸರದ್ದು.

ನಾವು ಆರಿಸಿದ್ದು ಎಲ್ ಸೆಂಟ್ರೋ. 1940ರ ಮೇ 18ರಂದು ಕ್ಯಾಲಿಫೋರ್ನಿಯಾದ ಇಂಪೀರಿಯಲ್ ವ್ಯಾಲಿಯಲ್ಲಿ ಆದ ಭೂಕಂಪವನ್ನು ಅಲ್ಲಿನ ಎಲ್ ಸೆಂಟ್ರೋ ಊರಿನ ಒಂದು ಉಪಕರಣ ಚೆನ್ನಾಗಿ ಹಿಡಿದಿಟ್ಟಿತು. ನೆಲದ ವೇಗೋತ್ಕರ್ಷ ಗುರುತ್ವದ ಮೂರನೇ ಒಂದು ಭಾಗದಷ್ಟು ಹೋಗಿತ್ತು. ಅಂದಿನಿಂದ ಇಂದಿನವರೆಗೂ ಈ ಕ್ಷೇತ್ರದವರೆಲ್ಲ ಅದನ್ನು ಓಡಿಸುತ್ತಲೇ ಇದ್ದಾರೆ. ಹಾರ್ಮೋನಿಯಂ ಕಲಿಯುವವರಿಗೆ ಸರಿಗಮ ಇದ್ದ ಹಾಗೆ ನಮಗೆ ಎಲ್ ಸೆಂಟ್ರೋ. ಆ ಗೆರೆಯನ್ನು ನಾನು ಕಣ್ಣು ಮುಚ್ಚಿಕೊಂಡೂ ಕಾಗದದ ಮೇಲೆ ಎಳೆಯಬಲ್ಲೆ.

ಈಗ ರಿಂಗಿನ ವಿಷಯಕ್ಕೆ ಬರುತ್ತೇನೆ.

ಕಾಲಮ್ಮಿನಲ್ಲಿ ಉದ್ದುದ್ದ ನಿಲ್ಲುವ ಸರಳುಗಳನ್ನು ಎಲ್ಲರೂ ನೋಡಿರುತ್ತಾರೆ. ಅವುಗಳ ಸುತ್ತ ಅಡ್ಡಡ್ಡ ಸುತ್ತಿರುವ ಚೌಕಗಳೇ ರಿಂಗ್. ಸರಳುಗಳು ಜಾಗ ಬಿಟ್ಟು ಅಲುಗದಂತೆ ಹಿಡಿಯಲು ಸುಮ್ನೆ ಹಾಕುತ್ತಾರೆ ಅಂತ ತುಂಬಾ ಜನ ತಿಳಿದಿದ್ದಾರೆ. ಭೂಕಂಪ ಬರುವವರೆಗೆ ಅದು ಮುಕ್ಕಾಲು ನಿಜ ಕೂಡ. ಭೂಕಂಪದಲ್ಲಿ ಕಾಲಮ್ ಆ ಕಡೆ ಈ ಕಡೆ ಬಾಗಿದಾಗ ಅದರ ತಲೆ ಮತ್ತು ಬುಡದಲ್ಲಿ ಕಾಂಕ್ರೀಟ್ ನುಜ್ಜುಗುಜ್ಜಾಗಲು ಶುರುವಾಗುತ್ತದೆ. ಕಾಳಿನ ಮೂಟೆಯ ಮೇಲೆ ಭಾರ ಹೇರಿದರೆ ಹೊಟ್ಟೆ ಉಬ್ಬುತ್ತದಲ್ಲ, ಹಾಗೆ ಕಾಂಕ್ರೀಟ್ ಹೊರಗೆ ಉಬ್ಬಲು ನೋಡುತ್ತದೆ. ಅದನ್ನು ಬಿಗಿಯಾಗಿ ಕಟ್ಟಿ ಹಿಡಿಯುವ ಹಗ್ಗವೇ ರಿಂಗ್. ಒಳಗಿನ ಕಾಂಕ್ರೀಟ್ ಪುಡಿಯಾದರೂ ಜಾಗ ಬಿಟ್ಟು ಹೋಗಬಾರದು. ಉದ್ದನೆಯ ಸರಳು ಹೊರಕ್ಕೆ ಬಾಗಬಾರದು. ಎರಡನ್ನೂ ರಿಂಗೇ ನೋಡಿಕೊಳ್ಳಬೇಕು.

ಹಗ್ಗ ಎಷ್ಟೇ ಗಟ್ಟಿ ಇದ್ದರೂ ಗಂಟು ಬಿಚ್ಚಿದರೆ ಏನು ಬಂತು? ರಿಂಗಿನ ಗಂಟು ಅಂದರೆ ಅದರ ಕೊಕ್ಕೆ. ತಂತಿಯ ಎರಡೂ ತುದಿ ಒಂದು ಮೂಲೆಯಲ್ಲಿ ಸೇರುತ್ತವೆ. ಅಲ್ಲಿ ತುದಿಯನ್ನು 90 ಡಿಗ್ರಿ ಬಗ್ಗಿಸಿ ಬಿಟ್ಟರೆ ಅದರ ಬಾಲ ರಿಂಗಿನಿಂದ ಹೊರಗಿರುವ ಕಾಂಕ್ರೀಟಿನ ತೆಳು ಪದರದ, ಅಂದರೆ ಕವರಿನ, ಪಕ್ಕದಲ್ಲೇ ಉಳಿಯುತ್ತದೆ. ಕವರ್ ಉದುರುವುದು ಮೊದಲು. ಅದು ಉದುರಿದ ಮೇಲೆ ಬಾಲವನ್ನು ಹಿಡಿಯುವವರು ಯಾರೂ ಇಲ್ಲ. 135 ಡಿಗ್ರಿ ಬಗ್ಗಿಸಿದರೆ ಬಾಲ ಮೂಲೆಯಿಂದ ಒಳಕ್ಕೆ, ಕಾಲಮ್ಮಿನ ಹೊಟ್ಟೆಯೊಳಗೆ ಹೋಗುತ್ತದೆ. ಕವರ್ ಹೋದರೂ ಅದಕ್ಕೆ ಹಿಡಿತ ಇರುತ್ತದೆ. ವ್ಯತ್ಯಾಸ 45 ಡಿಗ್ರಿ. ಅಷ್ಟೇ.

ನಮ್ಮ ಮಾದರಿಯ ಕಾಲಮ್‌ಗಳಿಗೇ 240 ರಿಂಗ್ ಬೇಕಿತ್ತು. ಒಂದು ಹಲಗೆಗೆ ಮೊಳೆ ಹೊಡೆದುಕೊಂಡು, ಇಕ್ಕಳ ಹಿಡಿದು ಒಂದೊಂದಾಗಿ ಬಗ್ಗಿಸಿದೆ. ಮೊದಲ ನೂರು ಚೆಂದ ಬಂದವು. ಆಮೇಲೆ ಹೆಬ್ಬೆರಳಿಗೆ ಬೊಬ್ಬೆ ಬಂತು. ಕೊನೆಯ ಕಾಲಮ್ಮಿನ ತಲೆಯ ಹತ್ತಿರ ಬಂದಾಗ ರಾತ್ರಿ ಆಗಿತ್ತು, ಬೆಳಿಗ್ಗೆ ಕಾಂಕ್ರೀಟ್ ಹಾಕುವುದಿತ್ತು. ಅಲ್ಲಿ ಬೀಮಿನ ಸರಳು, ಕಾಲಮ್ಮಿನ ಸರಳು, ಸರಳು ಎಷ್ಟು ಹಿಗ್ಗಿತು ಅಂತ ಅಳೆಯುವ ಸ್ಟ್ರೈನ್ ಗೇಜಿನ ವೈರು ಎಲ್ಲ ಸೇರಿ ಹಕ್ಕಿಗೂಡಿನ ಹಾಗಾಗಿತ್ತು. 135 ಡಿಗ್ರಿಯ ಬಾಲ ಒಳಗೆ ತೂರುತ್ತಿರಲಿಲ್ಲ. ಎಂಟು ರಿಂಗಿನ ಬಾಲವನ್ನು ವಾಪಸ್ ನೇರ ಮಾಡಿ 90ಕ್ಕೆ ಬಿಟ್ಟೆ. ಬೈಂಡಿಂಗ್ ವೈರ್ ಬಿಗಿದು ಮಲಗಿದೆ. ಯಾರಿಗೂ ಹೇಳಲಿಲ್ಲ. ಹೇಳಬೇಕು ಅಂತ ಅನ್ನಿಸಲೂ ಇಲ್ಲ, ಅದೇ ನಿಜ. 240ರಲ್ಲಿ ಎಂಟು, ಏನು ಮಹಾ ಅಂದುಕೊಂಡೆ.

ಪರೀಕ್ಷೆಯ ದಿನ ಅಂದರೆ ಹೊರಗಿನವರು ಒಂದೇ ಸಲ ದಡಬಡ ಅಂದುಕೊಳ್ಳುತ್ತಾರೆ. ಹಾಗಿರುವುದಿಲ್ಲ. ಬೆಳಿಗ್ಗೆ ಪಂಪ್ ಹಾಕಿ ಎಣ್ಣೆ ಬಿಸಿಯಾಗುವವರೆಗೆ ಟೇಬಲನ್ನು ಮೆಲ್ಲಗೆ ಆಡಿಸಬೇಕು. ಆಮೇಲೆ ವೈಟ್ ನಾಯ್ಸ್ ಅನ್ನುವ ಒಂದು ಸಣ್ಣ ನಡುಕ. ಮುಟ್ಟಿದರೆ ಮಾತ್ರ ಗೊತ್ತಾಗುವಷ್ಟು. ಎಲ್ಲ ಕಂಪನಾಂಕಗಳೂ ಅದರಲ್ಲಿ ಕಲಸಿಕೊಂಡಿರುತ್ತವೆ, ಕಟ್ಟಡ ತನಗೆ ಬೇಕಾದ್ದನ್ನು ಮಾತ್ರ ಆರಿಸಿಕೊಂಡು ಕುಣಿಯುತ್ತದೆ. ಅದೇ ಅದರ ಸಹಜ ಕಂಪನಾಂಕ. ನಮ್ಮದು 5.6 ಹರ್ಟ್ಸ್, ಅಂದರೆ ಸೆಕೆಂಡಿಗೆ 5.6 ಸಲ, ಬಂತು.

ಬಂತು ಅಂತ ಸುಲಭವಾಗಿ ಬರೆದೆ. ಅವತ್ತು ಅರ್ಧ ದಿನ ಇದರಲ್ಲೇ ಹೋಯಿತು. ಮೂರನೇ ಮಹಡಿ ಉಳಿದೆರಡಕ್ಕೆ ಉಲ್ಟಾ ದಿಕ್ಕಿನಲ್ಲಿ ಓಡಾಡುತ್ತಿದೆ ಅಂತ ಕಂಪ್ಯೂಟರ್ ಹೇಳುತ್ತಿತ್ತು. ಮೊದಲ ರೀತಿಯ ಕಂಪನದಲ್ಲಿ ಎಲ್ಲ ಮಹಡಿಯೂ ಒಂದೇ ಕಡೆ ಹೋಗಬೇಕು. ಲೆಕ್ಕ ತಪ್ಪಿದೆಯಾ, ಬಿಲ್ಲೆ ಸಡಿಲವಾ, ಗೋಡೆ ಬಿರುಕಾ ಅಂತ ಮೂರು ಜನ ಗೀಚಿ ಗೀಚಿ ಸುಸ್ತಾದೆವು. ಕೊನೆಗೆ ವರ್ಕ್‌ಶಾಪಿನ ಹಿರಿಯರೊಬ್ಬರು ಏಣಿ ಹತ್ತಿ ನೋಡಿ, ಅಲುಗಾಟ ಅಳೆಯುವ ಆಕ್ಸೆಲೆರೋಮೀಟರ್ ತಿರುಗುಮುರುಗಾಗಿ ಅಂಟಿಸಿದ್ದೀರಿ ಅಂದರು. ಅದೂ ನಾನೇ ಅಂಟಿಸಿದ್ದು, ಇನ್ಯಾರು.

ಆಮೇಲೆ ಭೂಕಂಪ. ಮೊದಲು ಎಲ್ ಸೆಂಟ್ರೋದ 25 ಶೇಕಡಾ, ಆಮೇಲೆ 50, 75, 100. ಪ್ರತಿ ಸಲವೂ ಮುಗಿದ ಮೇಲೆ ಮತ್ತೆ ವೈಟ್ ನಾಯ್ಸ್. ಆಮೇಲೆ ಟಾರ್ಚ್ ಹಿಡಿದು ಬಿರುಕು ಹುಡುಕುವುದು. ಬಿರುಕು ಎದ್ದು ಕಾಣಲಿ ಅಂತ ಇಡೀ ಮಾದರಿಗೆ ಸುಣ್ಣ ಬಳಿದಿರುತ್ತೇವೆ. ಒಂದೊಂದು ಸುತ್ತಿಗೆ ಒಂದೊಂದು ಬಣ್ಣದ ಮಾರ್ಕರ್. ಸಂಜೆ ಹೊತ್ತಿಗೆ ಕಟ್ಟಡ ಮಕ್ಕಳು ಗೀಚಿದ ಗೋಡೆಯ ಹಾಗೆ ಕಾಣುತ್ತದೆ.

ಈ ವೈಟ್ ನಾಯ್ಸ್ ಕೊಡುವ ಅಂಕಿ ನನಗೆ ತುಂಬಾ ಇಷ್ಟ. 50 ಶೇಕಡಾ ಆದ ಮೇಲೆ 5.6 ಇದ್ದದ್ದು 4.9 ಆಯಿತು. 100 ಆದ ಮೇಲೆ 3.7. ಬಿಗಿತ ಕಂಪನಾಂಕದ ವರ್ಗಕ್ಕೆ ತಕ್ಕಂತೆ ಇರುತ್ತದೆ. ಹಾಗಾಗಿ 3.7 ಅಂದರೆ ಕಟ್ಟಡದ ಬಿಗಿತದಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಟುಹೋಗಿದೆ ಅಂತ ಅರ್ಥ. ದೂರದಿಂದ ನೋಡಿದರೆ ಕೂದಲೆಳೆಯಂಥ ನಾಲ್ಕು ಗೆರೆ ಕಾಣುತ್ತವೆ, ಅಷ್ಟೇ. ಇಂಥ ಕಟ್ಟಡವನ್ನು ಕಣ್ಣಲ್ಲಿ ನೋಡಿ ಏನೂ ಆಗಿಲ್ಲ ಅನ್ನುವವರನ್ನು ನಾನು ನಂಬುವುದಿಲ್ಲ.

ಇದೇ ಲೆಕ್ಕ 1985ರ ಸೆಪ್ಟೆಂಬರ್ 19ರಂದು ಮೆಕ್ಸಿಕೋ ಸಿಟಿಯಲ್ಲಿ ಬೇರೆ ರೀತಿ ಕಾಡಿತು. ಭೂಕಂಪದ ಕೇಂದ್ರ ಇದ್ದದ್ದು ನೂರಾರು ಕಿಲೋಮೀಟರ್ ದೂರದ ಪೆಸಿಫಿಕ್ ಕರಾವಳಿಯಲ್ಲಿ. ಆದರೆ ನಗರದ ಒಂದು ದೊಡ್ಡ ಭಾಗ ಕೂತಿರುವುದು ಹಳೆಯ ಕೆರೆಯ ಮೆತ್ತನೆಯ ಜೇಡಿಯ ಮೇಲೆ. ಆ ಜೇಡಿ ಸುಮಾರು ಎರಡು ಸೆಕೆಂಡಿಗೊಂದು ಸಲದಂತೆ ಉಯ್ಯಾಲೆಯ ಹಾಗೆ ತೂಗಿತು. ಗಿಡ್ಡ ಮನೆಗಳು ಹೆಚ್ಚಾಗಿ ಬಚಾವಾದವು. ತುಂಬಾ ಎತ್ತರದವೂ ಉಳಿದವು. ಪೆಟ್ಟು ತಿಂದದ್ದು ಮಧ್ಯದವು, ಆರರಿಂದ ಹದಿನೈದು ಅಂತಸ್ತಿನವು. ಕಟ್ಟಡ ಒಂದು ಸಲ ಹೋಗಿ ಬಂದು ತೂಗಲು ಅಂತಸ್ತಿಗೆ ಸೆಕೆಂಡಿನ ಹತ್ತನೇ ಒಂದು ಭಾಗ ಅಂತ ಒಂದು ಒರಟು ಲೆಕ್ಕ ನಮ್ಮಲ್ಲಿದೆ. ಅದರಂತೆ ಹನ್ನೆರಡು ಅಂತಸ್ತಿಗೆ 1.2 ಸೆಕೆಂಡ್. ಎರಡಕ್ಕೆ ಇನ್ನೂ ದೂರ ಇದೆ, ಅಲ್ವಾ? ಆದರೆ ಬಿರುಕು ಬಿಟ್ಟ ಹಾಗೆ ಬಿಗಿತ ಇಳಿಯುತ್ತದೆ, ತೂಗಾಟದ ಅವಧಿ ಉದ್ದವಾಗುತ್ತದೆ. ಕಟ್ಟಡ ಜಖಂ ಆಗುತ್ತಾ ಆಗುತ್ತಾ ತಾನೇ ನಡೆದುಕೊಂಡು ನೆಲದ ತಾಳಕ್ಕೆ ಹತ್ತಿರ ಹೋಗಿ ನಿಲ್ಲುತ್ತದೆ. ನಮ್ಮ ಮಾದರಿಯಲ್ಲಿ 5.6ರಿಂದ 3.7ಕ್ಕೆ ಇಳಿದದ್ದೂ ಅದೇ ನಡಿಗೆ.

125 ಶೇಕಡಾಕ್ಕೆ ಹೋಗುವ ಮೊದಲು ಕ್ರೇನಿನಿಂದ ಪಟ್ಟಿಗಳನ್ನು ಸಡಿಲವಾಗಿ ಕಟ್ಟಿದೆವು. ಬಿದ್ದರೆ ಟೇಬಲ್ ಮೇಲೆ ಬೀಳದೆ ಪಟ್ಟಿಗೆ ಜೋತುಬೀಳಲಿ ಅಂತ. ಎಲ್ಲರೂ ಗಾಜಿನ ಹಿಂದೆ. ಪಂಪಿನ ಗುಂಯ್ ಶಬ್ದ ಒಂದೇ. ಆಪರೇಟರ್ ಮೂರು, ಎರಡು, ಒಂದು ಅಂದರು.

ಎಲ್ ಸೆಂಟ್ರೋದಲ್ಲಿ ದೊಡ್ಡ ಪೆಟ್ಟು ಬರುವುದು ಶುರುವಿನಲ್ಲೇ. ಟೇಬಲ್ ಕಡೆ ನೋಡಬೇಕು ಅನ್ನುವಷ್ಟರಲ್ಲಿ ಬಂದುಬಿಟ್ಟಿತ್ತು. ಮೇಲಿನ ಎರಡು ಅಂತಸ್ತು ಗೋಡೆಯ ಬಲದಿಂದ ಒಂದು ಪೆಟ್ಟಿಗೆಯ ಹಾಗೆ ಅಖಂಡವಾಗಿ ಓಡಾಡುತ್ತಿದ್ದವು. ಬಾಗುವ ಕೆಲಸವೆಲ್ಲ ಕೆಳಗಿನ ನಾಲ್ಕು ಕಾಲಮ್ಮಿನ ತಲೆಗೆ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ, ಕೇಂದ್ರದಿಂದ 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಬಿದ್ದ ಅಪಾರ್ಟ್‌ಮೆಂಟುಗಳಲ್ಲಿ ತುಂಬಾ ಕಡೆ ಆದದ್ದು ಇದೇ. ಕೆಳಗೆ ಖಾಲಿ, ಮೇಲೆ ಗೋಡೆ. ಆ ಫೋಟೋಗಳನ್ನು ನೂರು ಸಲ ನೋಡಿದ್ದೆ. ಕಣ್ಣೆದುರು ಆಗುವಾಗ ಬೇರೆಯೇ ಅನ್ನಿಸುತ್ತದೆ. ನಾಲ್ಕನೆಯ ಸೆಕೆಂಡಿಗೆ ಒಂದು ಟಪ್ ಶಬ್ದ. ಕಡ್ಡಿ ಮುರಿದಂತೆ, ಅಷ್ಟೇ ಸಣ್ಣದು. ಆಮೇಲೆ ಕಟ್ಟಡ ಮುಂದೆ ಹಿಂದೆ ಹೋಗುವುದು ಬಿಟ್ಟು ತಿರುಚಿಕೊಳ್ಳಲು ಶುರು ಮಾಡಿತು. ನಾವು ಅಲುಗಾಡಿಸುತ್ತಿದ್ದದ್ದು ಒಂದೇ ದಿಕ್ಕಿಗೆ. ತಿರುಚಬಾರದಿತ್ತು. ಒಂದು ಮೂಲೆ ಬಲ ಕಳೆದುಕೊಂಡಿತ್ತು.

ಟೇಬಲ್ ನಿಂತಿತು. ಕಟ್ಟಡವೂ ನಿಂತಿತ್ತು, ವಾಲಿಕೊಂಡು. ಪಟ್ಟಿಗಳು ಇನ್ನೂ ಸಡಿಲವಾಗೇ ಇದ್ದವು.

ಹತ್ತಿರ ಹೋಗಲು ಬಿಟ್ಟಾಗ ನಾನು ಮೂರು ಕಾಲಮ್ ನೋಡದೆ ನೇರ ನಾಲ್ಕನೆಯದಕ್ಕೆ ಹೋದೆ. ಗೊತ್ತಿತ್ತಲ್ಲ. ತಲೆಯ ಹತ್ತಿರ ಕವರ್ ಪೂರ್ತಿ ಉದುರಿತ್ತು. 4 ಮಿಲಿಮೀಟರ್ ಸರಳು ಹೊರಕ್ಕೆ ಬಿಲ್ಲಿನ ಹಾಗೆ ಬಾಗಿತ್ತು. ನಡುವೆ ಮೂರು ರಿಂಗ್ ಬಾಯಿ ತೆರೆದುಕೊಂಡಿದ್ದವು. ಬಾಲಗಳು ನೇರ, ಹೊರಗೆ, ಗಾಳಿಯಲ್ಲಿ. ಒಳಗಿನ ಕಾಂಕ್ರೀಟ್ ಬೆರಳು ಹಾಕಿದರೆ ಮರಳಿನ ಹಾಗೆ ಬಂತು. ಉಳಿದ ಮೂರು ಕಾಲಮ್‌ಗಳಲ್ಲೂ ಕವರ್ ಹೋಗಿತ್ತು, ಒಳಗೆ ಬಿರುಕು ತುಂಬಿತ್ತು. ಆದರೆ ರಿಂಗ್ ಒಂದೂ ಬಿಚ್ಚಿರಲಿಲ್ಲ. ಅವು ಕೆಟ್ಟಿದ್ದವು, ಆದರೂ ಭಾರ ಹೊತ್ತಿದ್ದವು.

ಎರಡು ದಿನ ಸುಮ್ಮನಿದ್ದೆ. ಗೈಡ್ ತಿರುಚಿಕೊಂಡದ್ದಕ್ಕೆ ಕಾರಣ ಹುಡುಕುತ್ತಿದ್ದರು. ಬಿಲ್ಲೆಗಳ ತೂಕ ಒಂದು ಕಡೆ ಜಾಸ್ತಿ ಇತ್ತಾ, ಗೋಡೆ ಒಂದು ಕಡೆ ಮೊದಲು ಬಿರುಕು ಬಿಟ್ಟಿತಾ ಅಂತ. ಮೂರನೇ ದಿನ ಹೇಳಿದೆ. ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆ. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಎಂಟು ರಿಂಗ್ ಎಲ್ಲೆಲ್ಲಿ, ಎಷ್ಟು ಎತ್ತರದಲ್ಲಿ, ಅಷ್ಟನ್ನೂ ಚಿತ್ರ ಬರೆದುಕೊಂಡು ಬಾ ಅಂದರು. ವರದಿಯಲ್ಲಿ ಅದಕ್ಕೆ ಒಂದು ಪ್ಯಾರಾ ಹಾಕಿದೆವು: ನಕ್ಷೆಗೂ ಕಟ್ಟಿದ್ದಕ್ಕೂ ಇರುವ ವ್ಯತ್ಯಾಸ ಅಂತ. ಒಂದೇ ಕಾಲಮ್ಮಿನಿಂದ ಏನನ್ನೂ ಸಾಬೀತು ಮಾಡಲು ಆಗುವುದಿಲ್ಲ, ಅದನ್ನೂ ಬರೆದೆವು. ಆದರೂ ಆ ವರದಿ ಓದಿದವರು ನನ್ನನ್ನು ಏನಾದರೂ ಕೇಳಿದ್ದರೆ ಆ ಪ್ಯಾರಾದ ಬಗ್ಗೆಯೇ ಕೇಳಿದ್ದಾರೆ. ಮೂರು ವಾರ ಇಟ್ಟಿಗೆ ಕೊಯ್ದದ್ದನ್ನು ಯಾರೂ ಕೇಳಿಲ್ಲ.

ಭೂಕಂಪ ನಿರೋಧಕ ಕಟ್ಟಡ ಅನ್ನುವ ಮಾತು ಕೇಳಿದರೆ ನನಗೆ ಈಗ ಸ್ವಲ್ಪ ಕಿರಿಕಿರಿ. ಛತ್ರಿ ಮಳೆ ತಡೆದ ಹಾಗೆ ಕಟ್ಟಡ ಭೂಕಂಪ ತಡೆಯುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಹೆಚ್ಚಿನ ಕಟ್ಟಡಗಳ ಲೆಕ್ಕ ಹಾಗಿಲ್ಲ. ದೊಡ್ಡ ಭೂಕಂಪದಲ್ಲಿ ಅದು ಹಾಳಾಗುತ್ತದೆ ಅಂತ ಗೊತ್ತಿದ್ದೇ ಕಟ್ಟುವುದು. ಎಲ್ಲಿ ಹಾಳಾಗಬೇಕು ಅಂತ ಮಾತ್ರ ನಾವು ಆರಿಸುತ್ತೇವೆ. ಕಾಲಮ್ಮಿಗಿಂತ ಮೊದಲು ಬೀಮ್ ಸೋಲಲಿ, ಸೋತರೂ ಬಾಗಿ ಸೋಲಲಿ, ಪಟಕ್ಕನೆ ಮುರಿಯದಿರಲಿ, ಹೀಗೆ. 1994ರ ಜನವರಿ 17ರಂದು ಲಾಸ್ ಏಂಜಲೀಸ್ ಹತ್ತಿರದ ನಾರ್ತ್‌ರಿಡ್ಜ್ ಭೂಕಂಪ ಆದಾಗ ಉಕ್ಕಿನ ಕಟ್ಟಡಗಳು ಚೆನ್ನಾಗಿ ನಿಂತವು ಅಂತ ಮೊದಲು ಎಲ್ಲರೂ ಸಮಾಧಾನ ಪಟ್ಟರು. ಆಮೇಲೆ ಮೇಲಿನ ಹೊದಿಕೆ ಬಿಚ್ಚಿ ನೋಡಿದರೆ, ಬೀಮ್ ಕಾಲಮ್ಮಿಗೆ ಸೇರುವ ಕಡೆ ಬೆಸುಗೆಗಳು ಸೀಳಿದ್ದವು. ಅದಾದ ಮೇಲೆ ಲ್ಯಾಬುಗಳಲ್ಲಿ ಎಷ್ಟೋ ಜೋಡಣೆಗಳನ್ನು ಎಳೆದು ತಳ್ಳಿ ನೋಡಿ ಬಂದ ಪರಿಹಾರಗಳಲ್ಲಿ ಒಂದು ನನಗೆ ಬಹಳ ಹಿಡಿಸಿದ್ದು: ಕಾಲಮ್ಮಿನಿಂದ ಸ್ವಲ್ಪ ಈಚೆಗೆ ಬೀಮಿನ ಅಂಚನ್ನೇ ಕತ್ತರಿಸಿ ಸೊಂಟ ಸಣ್ಣ ಮಾಡುವುದು. ಬೇಕಂತಲೇ ಬೀಮನ್ನು ಬಡಕಲು ಮಾಡುತ್ತಾರೆ. ಪೆಟ್ಟು ಬಂದರೆ ಅಲ್ಲಿ ಬಾಗುತ್ತದೆ, ಬೆಸುಗೆ ಉಳಿಯುತ್ತದೆ.

ಸರಿಯಾಗಿ ಒಂದು ವರ್ಷಕ್ಕೆ, 1995ರ ಜನವರಿ 17ರಂದೇ, ಜಪಾನಿನ ಕೋಬೆಯಲ್ಲಿ ಭೂಕಂಪ ಆಯಿತು. ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದರ ನಂತರ ಜಪಾನಿನವರು ಮಿಕಿ ಎಂಬಲ್ಲಿ ಇ-ಡಿಫೆನ್ಸ್ ಕಟ್ಟಿ 2005ರಲ್ಲಿ ಶುರು ಮಾಡಿದರು. ಅದರ ಟೇಬಲ್ 20 ಮೀಟರ್ ಉದ್ದ, 15 ಮೀಟರ್ ಅಗಲ, 1200 ಟನ್ ಹೊರುತ್ತದೆ. ಅಲ್ಲಿ ನಾಲ್ಕರಲ್ಲಿ ಒಂದು ಅಳತೆಯ ಗೋಳಿಲ್ಲ. ಇಡೀ ಕಟ್ಟಡವನ್ನೇ ನಿಲ್ಲಿಸಿ ಅಲುಗಾಡಿಸುತ್ತಾರೆ. ಆ ವಿಡಿಯೋಗಳನ್ನು ನೋಡುವಾಗ ನನಗೆ ಹೊಟ್ಟೆಕಿಚ್ಚು. 2009ರಲ್ಲಿ ಅಲ್ಲಿ ಮೂರಂತಸ್ತಿನ ಎರಡು ಮರದ ಮನೆಗಳನ್ನು ಅಕ್ಕಪಕ್ಕ ನಿಲ್ಲಿಸಿ ಪರೀಕ್ಷೆ ಮಾಡಿದರು. ಒಂದರ ಜೋಡಣೆಗಳು ಗಟ್ಟಿ, ಇನ್ನೊಂದರದ್ದು ಬೇಕಂತಲೇ ಬಡಕಲು. ಬಿದ್ದದ್ದು ಗಟ್ಟಿಯದು. ಬಡಕಲಿನದು ಬುಡದಲ್ಲಿ ಮೊದಲೇ ಬಿಟ್ಟುಕೊಂಡು, ಅಲುಗಾಟ ಮೇಲಕ್ಕೆ ಪೂರ್ತಿ ಹತ್ತದ ಹಾಗಾಗಿ, ಹೇಗೋ ನಿಂತಿತ್ತು. ಹಾಗಂತ ಮನೆಯ ಬುಡ ಸಡಿಲ ಬಿಡಿ ಅಂತ ಯಾರೂ ಹೇಳುವುದಿಲ್ಲ. ಆದರೆ ಅವತ್ತು ಅಲ್ಲಿ ಗಾಜಿನ ಹಿಂದೆ ನಿಂತಿದ್ದವರ ಮುಖ ನೋಡಬೇಕಿತ್ತು ಅಂತ ನನಗೆ ಆಗಾಗ ಅನ್ನಿಸುತ್ತದೆ.

ಮುಂದಿನ ತಿಂಗಳು ನಮ್ಮಲ್ಲಿ ಹೊಸ ಮಾದರಿ. ಈ ಸಲ ನಾಲ್ಕು ಅಂತಸ್ತು. ರಿಂಗ್ ಬಗ್ಗಿಸಲು ಹೊಸ ಹುಡುಗಿ ಬಂದಿದ್ದಾಳೆ, ನನಗಿಂತ ಅಚ್ಚುಕಟ್ಟು. ಮೊದಲ ದಿನವೇ ಮೊಳೆಯ ಹಲಗೆ ಬೇಡ ಅಂತ ಉಕ್ಕಿನ ತುಂಡಿನಲ್ಲಿ 135 ಡಿಗ್ರಿಯ ಒಂದು ಅಚ್ಚು ಕೊರೆಸಿಕೊಂಡಳು. ತಂತಿ ಇಟ್ಟು ಎಳೆದರೆ ಆಯಿತು. ಬೀಮ್ ಕಾಲಮ್ ಸೇರುವ ಜಾಗದಲ್ಲಿ ಬಾಲ ತೂರದಿದ್ದರೆ ಏನು ಮಾಡುತ್ತೀ ಅಂತ ನಿನ್ನೆ ಕೇಳಿದೆ. ಗೇಜಿನ ವೈರನ್ನು ಬೇರೆ ಕಡೆಯಿಂದ ತಂದರೆ ತೂರುತ್ತದೆ, ಮಾಡಿ ನೋಡಿದ್ದೇನೆ ಅಂದಳು. ನನಗೆ ಆ ರಾತ್ರಿ ವೈರ್ ಸರಿಸಬಹುದು ಅಂತ ಹೊಳೆದೇ ಇರಲಿಲ್ಲ.